ಪಕ್ಕಾ ಶೀಟಿನ ಮೂವತ್ತೆಂಟು ಡಿಗ್ರಿ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಸಮಯವನ್ನು ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣ ನನ್ನ ಒಂದು ಚಟ. ಕರೆಂಟ್ ಹೋದರೆ ಜನ ಫ್ಯಾನ್ ನೋಡುತ್ತಾರೆ, ನಾನು ಗಡಿಯಾರ ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ. ಲ್ಯಾಬಿನ ಎಕ್ಸಾಸ್ಟ್ ಫ್ಯಾನ್ ಎಷ್ಟು ಹೊತ್ತು ನಿಂತಿತ್ತು ಎಂದು ಯಾರಾದರೂ ಮುಂದೊಂದು ದಿನ ಕೇಳಿದರೆ ಉತ್ತರ ಇರಬೇಕಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಅಂದು ಕರೆಂಟ್ ಬಂದದ್ದು ಹನ್ನೊಂದು ಐವತ್ತಕ್ಕೆ. ಅದನ್ನೂ ಬರೆದಿಟ್ಟೆ.

ಡೊಂಬಿವಲಿಯ ನಮ್ಮ ಕಾಲೇಜು ಇರುವುದು ಕೈಗಾರಿಕಾ ಪ್ರದೇಶದ ಅಂಚಿನಲ್ಲಿ. ರಸ್ತೆಯ ಈಚೆ ಬದಿಗೆ ಹೌಸಿಂಗ್ ಸೊಸೈಟಿಗಳು, ಆಚೆ ಬದಿಗೆ ಬಣ್ಣದ, ಔಷಧಿಯ ಕಾರ್ಖಾನೆಗಳು. ನಮಗೂ ಅವುಗಳಿಗೂ ಒಂದೇ ಲೈನಿನ ವಿದ್ಯುತ್ತು. ನಮ್ಮಲ್ಲಿ ಹೋದರೆ ಅಲ್ಲೂ ಹೋಯಿತೆಂದೇ ಅರ್ಥ.

ಅಲ್ಲಿ ನಾನು ಅನ್ವಯಿಕ ರಸಾಯನಶಾಸ್ತ್ರದ ಮೂರು ವರ್ಷದ ವೃತ್ತಿಪರ ಪದವಿ ಕೋರ್ಸಿನ ಸಂಯೋಜಕ. ಸಂಯೋಜಕ ಎಂದರೆ ಪಾಠವನ್ನೂ ಮಾಡುವ, ಆಸಿಡ್ ಬಾಟಲಿಯ ಇಂಡೆಂಟನ್ನೂ ಹಾಕುವ, ಕಾರ್ಖಾನೆಗಳ ಗೇಟಿನಲ್ಲಿ ಕೈಮುಗಿದು ನಮ್ಮ ಮಕ್ಕಳಿಗೆ ಟ್ರೇನಿಂಗ್ ಸೀಟು ಕೊಡಿ ಎಂದು ಬೇಡುವ ಮನುಷ್ಯ. ಕೊನೆಯ ಸೆಮಿಸ್ಟರಿನಲ್ಲಿ ತರಗತಿ ಇಲ್ಲ; ಆರು ತಿಂಗಳೂ ಕಾರ್ಖಾನೆಯಲ್ಲೇ ಕಲಿಯಬೇಕು. ಪ್ರತಿ ಶನಿವಾರ ವಿದ್ಯಾರ್ಥಿಗಳು ವಾರದ ಲಾಗ್‌ಬುಕ್ ತಂದು ನನ್ನ ಸಹಿ ಪಡೆಯುತ್ತಾರೆ. ಕೊನೆಯಲ್ಲಿ ಕಾರ್ಖಾನೆಯವರು ‘ತೃಪ್ತಿಕರ’ ಎಂದು ಸರ್ಟಿಫಿಕೇಟ್ ಕೊಟ್ಟರೆ ಪದವಿ. ಕೊಡದಿದ್ದರೆ ಆ ಸೆಮಿಸ್ಟರ್ ಮತ್ತೆ ಸಿಗುವುದು ಮುಂದಿನ ವರ್ಷ.

ಆ ವರ್ಷ ಮೂವರನ್ನು ನೈಟ್ರಿಕ್ ಆಸಿಡ್ ಬೆರೆಸಿ ನೈಟ್ರೇಶನ್ ಮಾಡುವ ಒಂದು ಸಣ್ಣ ಕಾರ್ಖಾನೆಗೆ ಕಳಿಸಿದ್ದೆ, ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹುಡುಗಿಯ ಮನೆಯವರು ವಿಜಯಪುರದ ಕಡೆಯವರು. ತಂದೆ ಇದೇ ಕಾರ್ಖಾನೆಗಳಲ್ಲಿ ಡ್ರಮ್ ಏರಿಸುವ ಹಮಾಲಿ ಕೆಲಸದವರು. ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಮನೆಯ ಕನ್ನಡವನ್ನು ಅವಳು ಬಿಟ್ಟಿರಲಿಲ್ಲ. ಗೆಳೆಯರ ಜೊತೆ ಹಿಂದಿ, ನನ್ನ ಜೊತೆ ಮಾತ್ರ ಕನ್ನಡ. ತರಗತಿಯಲ್ಲೇ ಅತ್ಯಂತ ಚಂದದ ಅಕ್ಷರ ಅವಳದು.

ಶನಿವಾರ ಆ ಚಂದದ ಅಕ್ಷರದ ಲಾಗ್‌ಬುಕ್ ನನ್ನ ಮೇಜಿಗೆ ಬಂತು. ಒಳಗೆ ಕಾರ್ಖಾನೆಯ ಬ್ಯಾಚ್ ಶೀಟಿನ ನಕಲು, ಗುರುವಾರದ್ದು. ಹನ್ನೊಂದು ಗಂಟೆಗೆ ರಿಯಾಕ್ಟರಿನ ಉಷ್ಣತೆ ಮೂವತ್ತೆಂಟು ಡಿಗ್ರಿ, ಅದನ್ನು ಕಲಕುವ ಸ್ಟಿರರ್ ಎಳೆಯುವ ಕರೆಂಟ್ ಹನ್ನೆರಡು ಆಂಪಿಯರ್. ಹನ್ನೊಂದೂವರೆಗೆ ಮೂವತ್ತೆಂಟು, ಹನ್ನೆರಡು. ಹನ್ನೆರಡು ಗಂಟೆಗೂ ಅದೇ. ಸಹಿ ಹಾಕಲು ಪೆನ್ನು ತೆಗೆದವನು ಹಾಗೇ ನಿಂತೆ. ಡೈರಿ ತೆಗೆದು ನೋಡಿದೆ.

“ಕರೆಂಟೇ ಇಲ್ಲದ ಹೊತ್ತಿನಲ್ಲಿ ನಿಮ್ಮ ಸ್ಟಿರರ್ ಹನ್ನೆರಡು ಆಂಪಿಯರ್ ಎಲ್ಲಿಂದ ಎಳೀತಮ್ಮಾ?”

“ಅದು ಪಕ್ಕಾ ಶೀಟ್ ರೀ ಸರ್,” ಎಂದಳು, ನನಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ.

“ಪಕ್ಕಾ ಅಂದರೆ?”

“ಕಚ್ಚಾ ಆಪರೇಟರ್ ಕಾಕಾ ಬರೀತಾನ್ರಿ, ಪಿಲ್ಲರ್ ಮ್ಯಾಲ, ಚಾಕ್‌ನಿಂದ. ಶಿಫ್ಟ್ ಮುಗಿಯೂಮುಂದ ನಾ ಅದನ್ನ ಶೀಟಿಗೆ ಇಳಸ್ತೀನಿ. ನನ್ನ ಅಕ್ಷರ ಛಲೋ ಅದಾವಂತ ಮ್ಯಾನೇಜರ್ ಸಾಹೇಬ್ರು ಆ ಕೆಲಸ ನನಗಽ ಹಚ್ಚ್ಯಾರ.”

“ಪಿಲ್ಲರ್ ಮೇಲೆ ಹನ್ನೊಂದೂವರೆಗೆ ಎಷ್ಟು ಇತ್ತು?”

ಅವಳು ಪಕ್ಕದಲ್ಲಿ ನಿಂತಿದ್ದ ಹುಡುಗರಿಬ್ಬರ ಮುಖ ನೋಡಿದಳು. ಅವರು ನೆಲ ನೋಡಿದರು.

“ನೆಪ್ಪಿಲ್ರಿ. ಏನರ ಇರ್ಲಿ, ಪಕ್ಕಾದಾಗ ಮೂವತ್ತೆಂಟಽ ಇರಬೇಕ್ರಿ. ಇಲ್ಲಾಂದ್ರ ಶೀಟ್ ಚಂದ ಕಾಣಂಗಿಲ್ಲ.”

“ಇದನ್ನು ಯಾರು ಕಲಿಸಿದ್ದು ನಿನಗೆ?”

ಹೆದರಿಕೆಯಾಗಲಿ, ತಲೆಹರಟೆಯಾಗಲಿ ಇಲ್ಲದೆ ಹೇಳಿದಳು. “ನೀವಽ ರೀ ಸರ್. ಫಸ್ಟ್ ಇಯರ್‌ದಾಗ. ಮೂರೂ ರೀಡಿಂಗ್ ಒಂದಽ ಬರಬೇಕಂತಿದ್ರಿ.”

ಹುಡುಗರಲ್ಲೊಬ್ಬನಿಗೆ ಕೆಮ್ಮು ಬಂತು. ಅದು ನಗು ಎಂದು ನನಗೆ ಗೊತ್ತಿತ್ತು.

ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು, ಬಣ್ಣ ಬದಲಾದಾಗ ಅಳತೆ ಬರೆದುಕೊಳ್ಳಬೇಕು. ಹೀಗೆ ಮೂರು ಸಲ. ಮೂರೂ ಹೊಂದಿಕೊಂಡರೆ ಅದು ಸ್ಥಿರ ರೀಡಿಂಗ್. ಆದರೆ ಮೂರು ಸಲವೂ ಹನಿ ತಪ್ಪದೆ ಒಂದೇ ಅಳತೆ ಯಾರಿಗೆ ಬರುತ್ತದೆ? ನನಗೇ ಬರುವುದಿಲ್ಲ. ಆದರೂ ಜರ್ನಲಿನಲ್ಲಿ ಮೂರೂ ಒಂದೇ ಇರಬೇಕು, ಕಾಟು ಇರಬಾರದು, ತಿದ್ದುಪಡಿ ಇರಬಾರದು. ಈ ಹುಡುಗಿ ಮೊದಲ ವರ್ಷ ಒಮ್ಮೆ ಒಂಬತ್ತು ಪಾಯಿಂಟ್ ಎಂಟು, ಹತ್ತು ಪಾಯಿಂಟ್ ಮೂರು, ಹತ್ತು ಪಾಯಿಂಟ್ ಒಂದು ಎಂದು ಬಂದದ್ದನ್ನು ಬಂದ ಹಾಗೆ ಬರೆದಿದ್ದಳು. ಕೆಂಪು ಇಂಕಿನಲ್ಲಿ ಅಡ್ಡ ಗೀಟು ಎಳೆದು, ‘ಫೇರ್ ಮಾಡಿ ತಾ’ ಎಂದು ಎರಡು ಮಾರ್ಕು ಕಳೆದವನು ನಾನೇ. ಮರುದಿನ ಮೂರೂ ಹತ್ತು ಪಾಯಿಂಟ್ ಒಂದು ಆಗಿ ಬಂದಿದ್ದವು. ಪ್ರಯೋಗ ಮತ್ತೆ ಮಾಡಿದೆಯಾ ಎಂದು ಕೇಳಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಒಂದು ಮಾರ್ಕು ವಾಪಸು ಕೊಟ್ಟಿದ್ದೆ.

ಆ ಶನಿವಾರ ಸಹಿ ಹಾಕಲಿಲ್ಲ. ಕಾಲೇಜು ಸ್ಟೋರಿನಿಂದ ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ಒಂದು ವಾರ ಪಿಲ್ಲರಿನ ಮೇಲೆ ಇದ್ದದ್ದನ್ನು ಇದ್ದ ಹಾಗೆ ಇದರಲ್ಲಿ ಬರೆದುಕೊಂಡು ಬಾ, ಯಾರಿಗೂ ತೋರಿಸಬೇಡ ಎಂದೆ.

“ಕಾಟು ಆದ್ರ?”

“ಆಗಲಿ.”

“ಮಾರ್ಕ್ಸ್ ಕಟ್ ಆಗ್ತಾವೇನ್ರಿ?”

ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ನೋಟ್‌ಬುಕ್ ಬಂದ ಮೇಲೆ ಭಾನುವಾರ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಚುಕ್ಕಿ ಇಟ್ಟು ಗೆರೆ ಎಳೆದೆ. ನೀರುದೋಸೆ ತಂದ ಹೆಂಡತಿ ಒಂದು ಕ್ಷಣ ನೋಡಿ, “ಇದು ಯಾರ ಇಸಿಜಿ? ನಿಮ್ಮದಾದರೆ ಮೊದಲು ದೋಸೆ ತಿನ್ನಿ,” ಎಂದಳು.

ನಿಜಕ್ಕೂ ಹಾಗೇ ಕಾಣುತ್ತಿತ್ತು. ಮೂವತ್ತೆಂಟು, ಮೂವತ್ತಾರು, ಮೂವತ್ತೊಂದು ಎಂದು ಇಳಿದು, ಅರ್ಧ ಗಂಟೆಯಲ್ಲಿ ಐವತ್ತಕ್ಕೆ ಜಿಗಿದು, ಮತ್ತೆ ಇಳಿದಿತ್ತು. ವಾರದಲ್ಲಿ ಎರಡು ಸಲ ಹಾಗಾಗಿತ್ತು, ಎರಡು ಸಲವೂ ಕರೆಂಟ್ ಹೋಗಿ ಬಂದ ಮೇಲೆ. ಜಿಗಿದದ್ದನ್ನು ಬಿಟ್ಟು ಅದರ ಮೊದಲಿನ ಇಳಿತಕ್ಕೇ ಕೆಂಪು ಇಂಕಿನಲ್ಲಿ ಸುತ್ತು ಹಾಕಿದೆ. ಕಾರಣ ಇಷ್ಟು. ರಿಯಾಕ್ಟರಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಮೇಲಿನ ಟ್ಯಾಂಕಿನಿಂದ ಆಸಿಡ್ ಸಣ್ಣಗೆ ಇಳಿಯುತ್ತಿರುತ್ತದೆ. ಸ್ಟಿರರ್ ಕಲಕುತ್ತಿದ್ದರೆ ಇಳಿದಿಳಿದ ಹಾಗೆ ಆಸಿಡ್ ಖರ್ಚಾಗುತ್ತದೆ, ಹುಟ್ಟಿದ ಬಿಸಿಯನ್ನು ಹೊರಗಿನ ತಣ್ಣೀರು ಒಯ್ಯುತ್ತದೆ. ಸ್ಟಿರರ್ ನಿಂತು ಆಸಿಡ್ ಮಾತ್ರ ಇಳಿಯುತ್ತಲೇ ಇದ್ದರೆ ಅದು ಕೆಲಸ ಮಾಡದೆ ತಳದಲ್ಲಿ ಕೂತಿರುತ್ತದೆ. ಆಗ ಥರ್ಮಾಮೀಟರ್ ತಣ್ಣಗೆ ತೋರಿಸುತ್ತದೆ. ನೋಡುವವನಿಗೆ ಸಮಾಧಾನವೂ ಆಗುತ್ತದೆ. ಕರೆಂಟ್ ಬಂದು ಸ್ಟಿರರ್ ಒಂದು ಸುತ್ತು ಹಾಕಿದರೆ ಕೂತದ್ದೆಲ್ಲ ಒಟ್ಟಿಗೆ ಎದ್ದೇಳುತ್ತದೆ. ಐವತ್ತಕ್ಕೆ ನಿಂತದ್ದು ಆ ಎರಡು ದಿನದ ಪುಣ್ಯ. ಇನ್ನೂ ಇಪ್ಪತ್ತು ನಿಮಿಷ ಕರೆಂಟ್ ಬಾರದೆ ಇದ್ದಿದ್ದರೆ ಎಲ್ಲಿಗೆ ನಿಲ್ಲುತ್ತಿತ್ತು ಎಂದು ಗ್ರಾಫಿನ ಹಾಳೆಯಲ್ಲಿ ಬರೆಯಲು ಜಾಗ ಇರಲಿಲ್ಲ.

ಇದನ್ನು ಹೋಗಿ ಯಾರಿಗಾದರೂ ಹೇಳುವುದು ಸುಲಭವಿರಲಿಲ್ಲ. ಹಿಂದಿನ ವರ್ಷ ಲ್ಯಾಬಿನಲ್ಲಿ ಅನಿಲ ಸೋರುತ್ತಿದೆ ಎಂದು ಗಂಟೆ ಬಾರಿಸಿ ಇಡೀ ಕಾಲೇಜನ್ನು ಬಿಸಿಲಿಗೆ ಇಳಿಸಿದವನು ನಾನು. ಕೊನೆಗೆ ಸಿಕ್ಕಿದ್ದು ಅಟೆಂಡರನ ಡಬ್ಬಿಯಲ್ಲಿದ್ದ ಒಣಮೀನಿನ ಚಟ್ನಿ. ಸ್ಟಾಫ್ ರೂಮಿನಲ್ಲಿ ಇಂದಿಗೂ ಯಾರಾದರೂ ಡಬ್ಬಿ ಬಿಚ್ಚುವ ಮೊದಲು ನನ್ನ ಅನುಮತಿ ಕೇಳುತ್ತಾರೆ.

ಸೋಮವಾರ ತಪಾಸಣೆ ಭೇಟಿಯ ನೆಪದಲ್ಲಿ ಕಾರ್ಖಾನೆಗೆ ಹೋದೆ. ಮ್ಯಾನೇಜರ್ ಉಡುಪಿಯ ಕಡೆಯವರು, ನನ್ನ ಊರಿಗೆ ಆರು ಮೈಲಿ ದೂರದವರು. ಕನ್ನಡ ಸಂಘದ ಊಟದಲ್ಲಿ ಪರಿಚಯವಾಗಿ, ಆ ಪರಿಚಯದಲ್ಲೇ ಮೂರು ಸೀಟು ಕೊಟ್ಟವರು. ಹೋದ ಕೂಡಲೇ ತುಳುವಿನಲ್ಲಿ ಊರಿನ ಸುದ್ದಿ, ಬಿಸಿ ಗೋಳಿಬಜೆ, ಚಹಾ. ತಿಂದೆ. ಹೆದರಿದಾಗ ನನಗೆ ಹಸಿವು ಹೆಚ್ಚು.

ಆಮೇಲೆ ಹೆಲ್ಮೆಟ್ ಹಾಕಿಸಿ ಒಳಗೆ ಕರೆದುಕೊಂಡು ಹೋದರು. ಅಂದು ಕರೆಂಟ್ ಇತ್ತು, ಸ್ಟಿರರ್ ಗುಂಯ್‌ಗುಡುತ್ತಿತ್ತು. ಪಕ್ಕದ ಪಿಲ್ಲರಿನ ಮೇಲೆ ಚಾಕಿನ ಅಂಕಿಗಳು, ಒರೆಸಿ ಒರೆಸಿ ಸಿಮೆಂಟು ಬೆಳ್ಳಗಾಗಿತ್ತು. ಕಲಬುರಗಿಯ ಆಪರೇಟರ್, ಹುಡುಗಿ ಕಾಕಾ ಎನ್ನುತ್ತಿದ್ದವರು, ನಮಸ್ಕಾರ ಹೇಳಿ ಪಕ್ಕಕ್ಕೆ ಸರಿದರು. ಆಸಿಡ್ ಇಳಿಯುವ ಪೈಪನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಅದಕ್ಕೆ ಇತ್ತು. ಆದರೆ ಅದನ್ನು ತಪ್ಪಿಸಿ ಸುತ್ತಿ ಹೋಗುವ ಪಕ್ಕದ ಪೈಪಿನಲ್ಲಿ ಒಂದು ಕೈವಾಲ್ವ್ ಇತ್ತು. ಅದು ಅರ್ಧ ತೆರೆದಿತ್ತು. ಅಲುಗಾಡಬಾರದೆಂದು ಹಿಡಿಕೆಗೆ ಬೈಂಡಿಂಗ್ ವೈರ್ ಸುತ್ತಿ ಬಿಗಿದಿದ್ದರು. ವೈರಿಗೆ ತುಕ್ಕು ಹಿಡಿದಿತ್ತು.

“ಇದು ಎಷ್ಟು ಸಮಯ ಆಯ್ತು ಕಟ್ಟಿ?” ಎಂದು ಆಪರೇಟರನ್ನು ಕೇಳಿದೆ.

ಅವರು ಮ್ಯಾನೇಜರರನ್ನು ನೋಡಿ, “ನಾ ಬರೂದಕಿಂತ ಮೊದಲಿಂದ ಅದರಿ,” ಎಂದರು. “ಆ ಆಟೋಮ್ಯಾಟಿಕ್ ವಾಲ್ವ್ ಜಾಮ್ ಆಗ್ತದ್ರಿ. ಇದರಾಗ ಬರೋಬ್ಬರಿ ಬೀಳ್ತದ.”

ಟೇಬಲಿನ ಮೇಲೆ ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದ ಪಕ್ಕಾ ಶೀಟ್ ಇತ್ತು. ಮುತ್ತಿನಂಥ ಅಕ್ಷರ. ಹತ್ತು ಗಂಟೆ, ಮೂವತ್ತೆಂಟು. ಹತ್ತೂವರೆ, ಮೂವತ್ತೆಂಟು. ಹೀಗೆ ಓದುತ್ತ ಕೆಳಗೆ ಹೋದೆ. ಹನ್ನೆರಡು, ಹನ್ನೆರಡೂವರೆ, ಒಂದು, ಒಂದೂವರೆ, ಎರಡು. ಎಲ್ಲ ಮೂವತ್ತೆಂಟು. ಕೈಗಡಿಯಾರ ನೋಡಿಕೊಂಡೆ. ಹನ್ನೊಂದು ಮುಕ್ಕಾಲು.

ಆ ಕಟ್ಟಡದಲ್ಲಿ ಇನ್ನೂ ಆಗದೇ ಇದ್ದ ಎರಡೂಕಾಲು ಗಂಟೆ ಅಲ್ಲಿ ಬರೆದು ಮುಗಿದಿತ್ತು. ನಾನು ಕಾರ್ಖಾನೆಗಳಲ್ಲಿ ಹದಿನಾಲ್ಕು ವರ್ಷ ದುಡಿದವನು, ಸುಳ್ಳು ಶೀಟು ನೋಡದವನಲ್ಲ. ಆದರೂ ಆ ಸಾಲುಗಳನ್ನು ಇನ್ನೊಮ್ಮೆ ಎಣಿಸಿದೆ. ಟೇಬಲಿನ ಪಕ್ಕ ನಿಂತಿದ್ದ ಹುಡುಗಿ ನನ್ನ ಮುಖ ನೋಡಿ ಪೆನ್ನನ್ನು ಜೇಬಿಗೆ ಹಾಕಿಕೊಂಡಳು.

ಆಫೀಸಿಗೆ ವಾಪಸು ಬಂದು ಬಾಗಿಲು ಹಾಕಿ ಹೇಳಿದೆ. ವೈರ್ ಬಿಚ್ಚಿಸಿ, ವಾಲ್ವ್ ರಿಪೇರಿ ಮಾಡಿಸಿ, ಅಲ್ಲಿಯ ತನಕ ನಮ್ಮ ಮಕ್ಕಳನ್ನು ಮಾಲು ಪರೀಕ್ಷಿಸುವ ಕ್ಯೂಸಿ ಲ್ಯಾಬಿನಲ್ಲಿ ಕೂರಿಸಿ ಎಂದು.

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. “ಎಂತ ಮಾರಾಯ್ರೇ ನೀವು! ಹೆದರಿಕೆಯಲ್ಲಿಯೇ ಹುಟ್ಟಿದ್ದೋ ಹೇಗೆ? ಹನ್ನೊಂದು ವರ್ಷದಿಂದ ನಡೀತಾ ಉಂಟು. ಒಂದು ಹನಿ ಚೆಲ್ಲಲಿಲ್ಲ.”

“ಐವತ್ತಕ್ಕೆ ಹೋಗಿದೆ, ವಾರದಲ್ಲಿ ಎರಡು ಸಲ.”

“ಯಾರು ಹೇಳಿದ್ದು?”

ಆ ಅಂಕಿ ಹೇಳಬಾರದಿತ್ತು. ತಡವಾಗಿತ್ತು. ಅಲ್ಲಿ ಬರೆಯುವವಳು ಒಬ್ಬಳೇ.

“ನೋಡಿ,” ಎಂದು ಅವರು ಇನ್ನೂ ಮೆತ್ತಗೆ ಹೇಳಿದರು, “ಶೀಟಿನಲ್ಲಿ ನನ್ನ ಅಕ್ಷರ ಇಲ್ಲ, ಆಪರೇಟರನದ್ದೂ ಇಲ್ಲ. ಉಂಟಾ? ಇರುದು ನಿಮ್ಮ ಹುಡುಗಿಯದ್ದು. ಅವಳು ಪಾಸಾಗಿ ಹೋಗಲಿ ಅಂತ ನನಗೂ ಆಸೆ. ಇನ್ನು ಮೂರು ತಿಂಗಳು. ಸರ್ಟಿಫಿಕೇಟ್ ನಾನೇ ಟೈಪ್ ಮಾಡಿಸಿ ಕೊಡ್ತೇನೆ. ಇನ್ನೊಂದು ಗೋಳಿಬಜೆ ತಗೊಳ್ಳಿ.”

ಆಗ ತಿನ್ನಲಿಲ್ಲ. ಅಷ್ಟು ಮಾನ ಉಳಿದಿತ್ತು.

ಪ್ರಿನ್ಸಿಪಾಲ್ ಮೇಡಂ ಮರಾಠಿಯವರು, ನ್ಯಾಯವಂತರು. ಗ್ರಾಫನ್ನು ಪೂರ್ತಿ ನೋಡಿದರು. ಪುರಾವೆ ಏನು ಎಂದು ಕೇಳಿದರು. ನೋಟ್‌ಬುಕ್ ಎಂದೆ. ಯಾರ ಸಹಿ ಇದೆ ಎಂದರು. ಯಾರದ್ದೂ ಇಲ್ಲ. ಪಕ್ಕಾ ಶೀಟಿನ ಮೇಲೆ? ಎಲ್ಲರದ್ದೂ ಇದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸರ್, ಮಕ್ಕಳನ್ನು ವಾಪಸು ಕರೆಸಿದರೆ ಅವರ ವರ್ಷ ಹೋಗುತ್ತದೆ. ಮುಂದಿನ ವರ್ಷ ಯಾವ ಕಾರ್ಖಾನೆಯೂ ನಮಗೆ ಸೀಟು ಕೊಡುವುದಿಲ್ಲ. ಸೀಟು ಇಲ್ಲದೆ ಕೋರ್ಸ್ ಇಲ್ಲ. ಬೇರೆ ದಾರಿ ನೋಡೋಣ. ಇದು...” ಎಂದು ಗ್ರಾಫನ್ನು ಮಡಚುತ್ತ, “ಇದು ಒಣಮೀನಿನ ಹಾಗೆ ಅಲ್ಲ ತಾನೇ?” ಎಂದರು.

ತಮಾಷೆಗೆ ಕೇಳಿದ್ದಲ್ಲ. ಅದೇ ಪ್ರಶ್ನೆಯನ್ನು ನಾನೂ ಎರಡು ದಿನದಿಂದ ಕೇಳಿಕೊಳ್ಳುತ್ತಿದ್ದೆ. ಬಾಗಿಲಿಗೆ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಮೆಟ್ಟಿಲು ಹತ್ತುವ ಮನುಷ್ಯನ ಭಯಕ್ಕೆ ಎಷ್ಟು ಬೆಲೆ ಕೊಡಬೇಕು? ನನ್ನ ಭಯಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳು. ಉಳಿದ ಒಂದನ್ನು ಬೇರೆ ಮಾಡಿ ತೋರಿಸುವ ಉಪಕರಣ ನನ್ನ ಬಳಿ ಇರಲಿಲ್ಲ.

ಮಂಗಳವಾರ, ಬುಧವಾರ ಹೀಗೇ ಕಳೆದೆ. ಹನ್ನೊಂದು ಗಂಟೆಯಾದರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುವುದು. ಆಚೆ ಬದಿಯ ಚಿಮಣಿಗಳು ಎಂದಿನ ಹಾಗೇ ಇರುತ್ತಿದ್ದವು. ಬುಧವಾರ ಎರಡು ಗಂಟೆಗೆ ಪಾಠದ ನಡುವೆ ಫ್ಯಾನ್ ನಿಂತಿತು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಸಮೀಕರಣ ಅರ್ಧಕ್ಕೆ ಬಿಟ್ಟು ಕಿವಿಗೊಟ್ಟು ನಿಂತೆ. ಮಕ್ಕಳು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಇಪ್ಪತ್ತಾರು ನಿಮಿಷ. ಆ ಇಪ್ಪತ್ತಾರು ನಿಮಿಷದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಏನಾದರೂ ಆದರೆ ಮೂವರು ಮಕ್ಕಳು ಹೋಗುತ್ತಾರೆ, ಪಿಲ್ಲರಿನ ಮೇಲಿನ ಚಾಕೂ ಹೋಗುತ್ತದೆ. ಉಳಿಯುವುದು ಆಫೀಸಿನ ಕಪಾಟಿನಲ್ಲಿರುವ ಪಕ್ಕಾ ಶೀಟುಗಳು. ಎಲ್ಲವೂ ಸರಿಯಿತ್ತು ಎಂದು ಆ ಹುಡುಗಿಯ ಕೈಬರಹ ಸಾಕ್ಷಿ ಹೇಳುತ್ತದೆ.

ಕರೆಂಟ್ ಬಂತು. ಏನೂ ಆಗಲಿಲ್ಲ. ತರಗತಿಯಿಂದ ನೇರ ಆಫೀಸಿಗೆ ಹೋಗಿ, ಮೂವರ ಟ್ರೇನಿಂಗ್ ಫಾರಮಿನ ಮೇಲೆ ‘ಸುರಕ್ಷತೆಯ ಕಾರಣದಿಂದ ಹಿಂತೆಗೆದುಕೊಳ್ಳಲಾಗಿದೆ, ತರಬೇತಿ ಅಪೂರ್ಣ’ ಎಂದು ಬರೆದು ಸಹಿ ಹಾಕಿದೆ. ಸಂಯೋಜಕನಿಗೆ ಇದ್ದ ಒಂದೇ ಅಧಿಕಾರ ಅದು. ಕಾರ್ಖಾನೆ ತಪಾಸಣೆಯ ಕಚೇರಿಗೂ ಗ್ರಾಫ್ ಸಮೇತ ಒಂದು ಪತ್ರ ಬರೆದೆ.

ಮರುದಿನ ಹುಡುಗಿಯ ತಂದೆ ಬಂದರು. ಕೆಲಸದಿಂದ ನೇರ ಬಂದಿದ್ದರು. ಹೆಗಲಿನ ಮೇಲೆ ಡ್ರಮ್ ಹೊರುವ ಗೋಣಿಪಟ್ಟೆ ಹಾಗೇ ಇತ್ತು. ಹುಡುಗಿ ಹಿಂದೆ ನಿಂತಿದ್ದಳು, ಅತ್ತು ಕೆಂಪಾದ ಕಣ್ಣು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಸರ, ನಾ ಓದಿದಾವ ಅಲ್ರಿ. ಒಂದ್ ಮಾತ ಕೇಳ್ತೀನಿ. ಅಲ್ಲಿ ಏನರ ಆಗ್ಯಾದೇನ್ರಿ?”

“ಇಲ್ಲ.”

“ಆಗ್ತದ ಅಂತ ಗ್ಯಾರಂಟಿ ಅದ?”

“ಇಲ್ಲ.”

“ಮತ್ತ ನನ್ ಮಗಳ ವರ್ಸ ಯಾಕ ಹಾಳ ಮಾಡಿದ್ರಿ? ಲ್ಯಾಬಿನ ಕೆಲಸ ಕೊಡ್ತೀವಂತ ರಬಾಳೆದಾಗ ಕಂಪನಿಯವ್ರು ಹೇಳ್ಯಾರ. ಡಿಗ್ರಿ ಕಾಗದ ತೋರ್ಸು ಅಂದಾರ. ಏನ್ ತೋರಸ್ಲಿ ಈಗ?”

ಗ್ರಾಫ್ ತೆಗೆದು ಮೇಜಿನ ಮೇಲೆ ಹರಡಿದೆ. ಸ್ಟಿರರ್, ಆಸಿಡ್, ವೈರ್, ಎಲ್ಲವನ್ನೂ ಹೇಳಿದೆ. ವಿದ್ಯಾರ್ಥಿಗಳಿಗೂ ಅಷ್ಟು ತಾಳ್ಮೆಯಿಂದ ಎಂದೂ ಹೇಳಿರಲಿಲ್ಲ. ಅವರು ಗೆರೆಯ ಮೇಲೆ ಬೆರಳಿಟ್ಟು ಐವತ್ತರ ತುದಿಯ ತನಕ ನಿಧಾನವಾಗಿ ಹೋದರು. ಬೆರಳು ಅಲ್ಲೇ ನಿಂತಿತು.

“ಆ ಕಂಪನಿಗೆ ನಾನೂ ಹೋಗ್ತೀನ್ರಿ, ಡ್ರಮ್ ಏರಸ್ಲಿಕ್ಕ. ವಾರದಾಗ ಎರಡ ದಿನ. ಆ ಗ್ವಾಡಿ ಆಚಿ ಬಾಜೂನಽ ನಿಂದರ್ತೀವಿ.” ಗೋಣಿಪಟ್ಟೆಯನ್ನು ಸರಿಮಾಡಿಕೊಂಡರು. “ಇಕೀನ್ನ ನೀವು ಹೊರಗ ತೆಗದ್ರಿ. ನನ್ನ ಯಾರು ತೆಗೀತಾರ್ರಿ?”

ನನ್ನ ಬಳಿ ಅದಕ್ಕೆ ಯಾವ ಫಾರಮೂ ಇರಲಿಲ್ಲ.

ಪತ್ರಕ್ಕೆ ಫಲ ಸಿಕ್ಕಿತು. ಒಬ್ಬ ಅಧಿಕಾರಿ ಹೋಗಿ ನೋಡಿ ಬಂದರಂತೆ. ಅವರು ಹೋದ ದಿನ ವೈರ್ ಇರಲಿಲ್ಲ. ವಾಲ್ವ್ ಹೊಸದರಂತೆ ಹೊಳೆಯುತ್ತಿತ್ತು. ಲಾಗ್‌ಶೀಟುಗಳು ‘ಅಚ್ಚುಕಟ್ಟು’ ಎಂದು ವರದಿಯಲ್ಲಿ ಬರೆದಿದ್ದರು. ಕನ್ನಡ ಸಂಘದ ಊಟದಲ್ಲಿ ಮ್ಯಾನೇಜರ್ ನನ್ನ ಎಲೆಯ ಎದುರಿನಲ್ಲೇ ಕೂತು, ತುಳುವಿನಲ್ಲಿ ಪಕ್ಕದವರಿಗೆ, “ಇವರಿಗೆ ಸಾರು ಬಿಸಿ ಹಾಕಬೇಡಿ, ಹೆದರ್ತಾರೆ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾರು ಬಿಸಿಯೇ ಇತ್ತು.

ಮೂವರಲ್ಲಿ ಒಬ್ಬ ಹುಡುಗ ಕಲ್ಯಾಣದಲ್ಲಿ ಮಾವನ ಅಂಗಡಿ ಸೇರಿ ಕೋರ್ಸನ್ನೇ ಬಿಟ್ಟ. ಅದು ನನ್ನ ಸಹಿಯ ಫಲ. ಯಾರ ಮೇಲೂ ಹಾಕುವ ಹಾಗಿಲ್ಲ. ಉಳಿದಿಬ್ಬರಿಗೆ ಮುಂದಿನ ವರ್ಷ ತಳೋಜಾದ ಕಡೆ ಪೇಂಟ್ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಹೇಗೋ ಸೀಟು ಹಿಡಿದೆ. ಹುಡುಗಿ ಕಾಮೋಠೆಯ ಅತ್ತೆಯ ಮನೆಯಲ್ಲಿದ್ದು ಆರು ತಿಂಗಳು ಹೋಗಿ ಬಂದಳು. ನನ್ನ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಶನಿವಾರ ಲಾಗ್‌ಬುಕ್ ಇಟ್ಟು, ಸಹಿ ಆದ ಮೇಲೆ ಎತ್ತಿಕೊಂಡು ಹೋಗುತ್ತಿದ್ದಳು. ಅದರ ತುಂಬ ಕಾಟು, ತಿದ್ದುಪಡಿ, ಪಕ್ಕದಲ್ಲಿ ಕಾರಣ. ಕೊನೆಯ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ‘ಗಲೀಜು’ ಎಂದು ಹತ್ತು ಮಾರ್ಕು ಕಳೆದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದೊಂದು ಕಾಟಿಗೂ ಕಾರಣ ಹೇಳತೊಡಗಿದಳು. ಹತ್ತರಲ್ಲಿ ನಾಲ್ಕು ವಾಪಸು ಬಂತು. ಪಾಸಾದಳು. ರಬಾಳೆಯವರು ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಿದ್ದರು.

ಅಂಕಪಟ್ಟಿ ಒಯ್ಯಲು ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

“ಕಾಕಾ ಫೋನ್ ಮಾಡಿದ್ದ್ರಿ ಸರ್. ವಾಲ್ವ್ ಮತ್ತ ಜಾಮ್ ಆಗ್ಯಾದಂತ. ಮತ್ತ ವೈರ್ ಕಟ್ಟ್ಯಾರಂತ.” ಒಳಗೆ ಒಂದು ಹೆಜ್ಜೆ ಬಂದು, “ಸೀವುಡ್ಸ್ ಕಡೆ ಕಾಲೇಜಿನಾಕಿ ಒಬ್ಬಾಕಿ ಬಂದಾಳಂತ ಟ್ರೇನಿಂಗಿಗೆ. ಅಕ್ಷರ ನಿನ್ನಕಿಂತಾ ಚಂದ ಅಂದ.”

ನಾನು ಫೋನ್ ಡೈರಿ ಹುಡುಕತೊಡಗಿದೆ.

“ಫೋನ್ ಮಾಡಿದ್ರ ಆಗಂಗಿಲ್ರಿ,” ಎಂದಳು. “ನೀವು ಹೇಳಿದ್ರ ಯಾರ್ ನಂಬ್ತಾರ? ನಾ ಬರ್ತೀನಿ.”

ನೀನು ಬಂದರೆ ಆ ಸುಳ್ಳು ಶೀಟು ನಿನ್ನದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ, ನಾಳೆ ಕೆಲಸ ಕೊಡುವವರ ಕಿವಿಗೂ ಬೀಳಬಹುದು ಎಂದೆ. ಎಲ್ಲ ಅಪಾಯಗಳನ್ನೂ ಒಂದೊಂದಾಗಿ ಹೇಳಿದೆ; ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವಳು ಪೂರ್ತಿ ಕೇಳಿ, “ಠಾಣಾದಾಗ ಟ್ರೇನ್ ಬದಲಿ ಮಾಡಿದ್ರ ಒಂದ್ ತಾಸಿನ ಹಾದಿ,” ಎಂದಳು.

ಸೀವುಡ್ಸ್ ಕಾಲೇಜಿನ ಸಂಯೋಜಕಿ ಮ್ಯಾಡಮ್ ನನ್ನ ಹಾಗೇ ಸೀಟಿಗಾಗಿ ಗೇಟು ಗೇಟು ಅಲೆದವರು. ಸೌಜನ್ಯದಿಂದ ಕೇಳಿಸಿಕೊಂಡರು. ಆದರೆ ಫೈಲು ತೆಗೆದು, “ನೋಡಿ, ಎಲ್ಲ ನಾರ್ಮಲ್ ಇದೆ. ಹೀಗೆ ಬರೆಯಬೇಕು ಎಂದು ಅವರೇ ಹಳೆಯ ಶೀಟಿನ ಒಂದು ಝೆರಾಕ್ಸ್ ಕೂಡ ಕೊಟ್ಟಿದ್ದಾರೆ,” ಎಂದರು.

ಹುಡುಗಿ ಆ ಝೆರಾಕ್ಸನ್ನು ನೋಡಿದಳು. ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡು ಪೆನ್ನು ತೆಗೆದು ಅದರ ಮೊದಲ ಎರಡು ಸಾಲನ್ನು ಮತ್ತೆ ಅದರತ್ತ ನೋಡದೆಯೇ ಬರೆದು, ಎರಡನ್ನೂ ಅಕ್ಕಪಕ್ಕ ಇಟ್ಟಳು. ಒಂದೇ ಕೈ. ಮ್ಯಾಡಮ್ ಎರಡೂ ಹಾಳೆಗಳ ಅಂಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ಫೋನ್ ಎತ್ತಿ ತಮ್ಮ ವಿದ್ಯಾರ್ಥಿನಿಗೆ ಹಚ್ಚಿದರು. ಸ್ವಿಚ್ ಆಫ್. “ಫೋನ್ ಗೇಟಿನ್ಯಾಗ ಇಸ್ಕೋತಾರ್ರಿ,” ಎಂದಳು ನಮ್ಮ ಹುಡುಗಿ, “ಮೂರೂವರಿಗೆ ಶಿಫ್ಟ್ ಬಿಡ್ತದ.” ಒಂದೂಕಾಲು ಆಗಿತ್ತು. ಮೂವರೂ ಕೂತೆವು. ಚಹಾ ಬಂದು ಆರಿತು. ಡೊಂಬಿವಲಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಅಲ್ಲಿಂದ ತಿಳಿಯುವ ಹಾಗಿರಲಿಲ್ಲ.

ಮೂರು ನಲವತ್ತಕ್ಕೆ ಆ ಕಡೆಯಿಂದಲೇ ಫೋನ್ ಬಂತು. ಮ್ಯಾಡಮ್ ಸ್ಪೀಕರ್ ಹಾಕಿ, ನಾಳೆಯಿಂದ ಅಲ್ಲಿಗೆ ಹೋಗಬೇಡ ಎಂದರು. ಆಚೆ ಬದಿಯ ದನಿ ತುಂಬ ಎಳೆಯದು. ಹಾಗಾದರೆ ನನ್ನ ಸರ್ಟಿಫಿಕೇಟ್, ನನ್ನ ವರ್ಷ ಎಂದು ಹಿಂದಿಯಲ್ಲಿ ಕೇಳುತ್ತ ಅಳತೊಡಗಿತು. ಮ್ಯಾಡಮ್ ನನ್ನ ಕಡೆ ನೋಡಿದರು.

ನಮ್ಮ ಹುಡುಗಿ ಫೋನನ್ನು ತನ್ನ ಕಡೆ ಎಳೆದುಕೊಂಡು ಹಿಂದಿಯಲ್ಲಿ ಹೇಳಿದಳು. ಹೋಗುತ್ತೆ, ಒಂದು ವರ್ಷ. ನಂದೂ ಹೋಯಿತು. ಈಗ ನಿನ್ನ ಜೊತೆ ಮಾತಾಡ್ತಾ ಇದೀನಲ್ಲ.